ಕಲೆ ಕೂರದ ಕಲ್ಲು

ದರ್ಜಿಯ ಮನೆಯ ಅಡುಗೆಕಟ್ಟೆಗೆ ಬಿಳಿಯ ಸಣ್ಣ ಟೈಲು ಬಿಲ್ಲೆಗಳನ್ನು ಹಾಸಿದ್ದರು. ಅಂಗೈಯಗಲದ ನೂರ ನಲವತ್ತು ಬಿಲ್ಲೆ, ಒಂದೊಂದರ ಸುತ್ತಲೂ ಸಿಮೆಂಟಿನ ಸಂದು. ಬಿಲ್ಲೆಗಳ ಮೇಲೆ ಯಾರ ತಕರಾರೂ ಇರಲಿಲ್ಲ. ಒಮ್ಮೆ ಒರೆಸಿದರೆ ಹೊಳೆಯುತ್ತಿದ್ದವು. ಪ್ರಾಣ ತಿನ್ನುತ್ತಿದ್ದುದು ಸಂದುಗಳು. ಎಣ್ಣೆ ಇಳಿಯುವುದು ಅಲ್ಲಿ, ಹಿಟ್ಟು ಕೂರುವುದು ಅಲ್ಲಿ, ಇರುವೆ ಸಾಲು ಹಿಡಿಯುವುದೂ ಅಲ್ಲಿಯೇ. ದರ್ಜಿಯ ಹೆಂಡತಿ ಮೂವತ್ತೊಂದು ವರ್ಷ, ದಿನಾ ಸಂಜೆ ಪಾತ್ರೆ ತೊಳೆದಾದ ಮೇಲೆ, ಸವೆದ ಹಲ್ಲುಜ್ಜುವ ಬ್ರಷ್ಷೊಂದನ್ನು ಹಿಡಿದು ಆ ಸಂದುಗಳನ್ನು ಉಜ್ಜಿದವಳು. "ನಿಮ್ಮ ಹಲ್ಲಿಗಿಂತ ನನ್ನ ಕಟ್ಟೆಗೇ ಹಲ್ಲು ಜಾಸ್ತಿ" ಎಂದು ಗಂಡನ ಹಳೆಯ ಬ್ರಷ್ಷನ್ನು ಎತ್ತಿಟ್ಟುಕೊಳ್ಳುತ್ತಿದ್ದಳು.

ಆಕೆ ಹಾಸಿಗೆ ಹಿಡಿದ ಎರಡನೆಯ ತಿಂಗಳಿಗೆ ಸಂದುಗಳು ಕಪ್ಪಾದವು. ಸಿಂಕಿನ ಬಳಿ ನಾಲ್ಕು ಬಿಲ್ಲೆ ಎದ್ದವು. ಅವುಗಳ ಅಡಿಯಲ್ಲಿ ಜಿರಲೆಗಳು ಸಂಸಾರ ಹೂಡಿದವು. ದರ್ಜಿ ಅದನ್ನು ಕಾಣಲಿಲ್ಲವೆಂದಲ್ಲ. ಕಂಡು, ಅದರ ಮೇಲೊಂದು ಬೋಗುಣಿಯನ್ನು ಬೋರಲು ಹಾಕಿದ.

ಅಕ್ಕನ ಆರೈಕೆಗೆಂದು ತನ್ನ ಮನೆ ಮೊಮ್ಮಕ್ಕಳನ್ನು ಬಿಟ್ಟು ಬಂದಿದ್ದ ನಾದಿನಿ ಮೊದಲ ದಿನವೇ ಆ ಬೋಗುಣಿಯನ್ನು ಎತ್ತಿದಳು. ಎತ್ತಿದವಳು ಕಿರುಚಲಿಲ್ಲ, ಅವಳು ಕಿರುಚುವ ಪೈಕಿಯಲ್ಲ. ನೆಟ್ಟಗೆ ಅಕ್ಕನ ಮಂಚದ ಬಳಿಗೆ ಬಂದಳು.

"ಅಕ್ಕಾ, ಭಾವ ಜಿರಲೆಗೆ ಮನೆ ಕಟ್ಟಿಸಿಕೊಟ್ಟಿದ್ದಾರೆ. ಚಾವಣಿ ಸಮೇತ. ಗೃಹಸ್ಥ ಅಂದ್ರೆ ಹೀಗಿರಬೇಕು."

ಆಕೆಗೆ ನಕ್ಕರೆ ಹೊಟ್ಟೆ ನೋಯುತ್ತಿತ್ತು. ಕೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದು ಸ್ವಲ್ಪವೇ ನಕ್ಕು, ಗಂಡನ ಕಡೆ ತಿರುಗಿದಳು.

"ಕಟ್ಟೆ ಬದಲಾಯಿಸಬೇಕು ರೀ. ನಾನಿರೋವಾಗಲೇ."

ಕೊನೆಯ ಮಾತು ದರ್ಜಿಯ ಕಿವಿಗೆ ಬಿದ್ದೂ ಬೀಳದ ಹಾಗೆ ಹೋಯಿತು. ಹಾಗೆ ಕೇಳಿಸಿಕೊಳ್ಳುವುದನ್ನು ಅವನು ಈಚೆಗೆ ಕಲಿತಿದ್ದ. ಆಸ್ಪತ್ರೆಯ ಪಡಸಾಲೆಯಲ್ಲಿ ನಿಲ್ಲಿಸಿಕೊಂಡು ಡಾಕ್ಟರು ಹೇಳಿದ್ದಿಷ್ಟು: ನಮ್ಮ ಕೈಲಾಗುವ ಔಷಧವೆಲ್ಲ ಮುಗಿಯಿತು, ಇನ್ನು ಮನೆಗೆ ಕರೆದುಕೊಂಡು ಹೋಗಿ, ನೋವಿಗೆ ಮಾತ್ರೆ ಕೊಡಿ. ದರ್ಜಿ ಒಳಗೆ ಬಂದು ಹೆಂಡತಿಗೆ, "ಮನೆಗೆ ಹೋಗಿ ಅಂದ್ರು ಕಣೇ. ಅಂದ್ರೆ ಗುಣ ಅಂತಲೇ ಅರ್ಥ" ಎಂದಿದ್ದ. ಆಕೆ ಅವನನ್ನು, ಸಕ್ಕರೆ ಡಬ್ಬಿಗೆ ಕೈ ಹಾಕಿ ಇಲ್ಲವೆನ್ನುವ ಮಗುವನ್ನು ನೋಡುವ ಹಾಗೆ ನೋಡಿದ್ದಳು.

ಆಕೆಯ ಚಿಂತೆ ಒಂದೇ. ಮಕ್ಕಳಿಲ್ಲದ ಮನೆ. ತಂಗಿ ಎಷ್ಟು ದಿನ ಇದ್ದಾಳು? ತಾನು ಹೋದ ಮೇಲೆ ಈ ಮನುಷ್ಯ ಉಣ್ಣಬೇಕು, ಬದುಕಬೇಕು. ಸೂಜಿ ದಾರ ಬಿಟ್ಟರೆ ಬೇರೆ ತಿಳಿಯದವನು. ಉಪ್ಪಿನ ಡಬ್ಬಿ ಯಾವುದೆಂದು ಅರವತ್ತೆಂಟನೆಯ ವಯಸ್ಸಿನಲ್ಲಿ ಕಂಡವನು. ಸಾಲದ್ದಕ್ಕೆ ನಲವತ್ತೈದು ವರ್ಷ ಹೊಲಿಗೆ ಯಂತ್ರದ ಮೇಲೆ ಬಾಗಿ ಬಾಗಿ ಸೊಂಟ ಕೆಟ್ಟಿತ್ತು. ಬಗ್ಗಿದರೆ ಏಳುವುದಕ್ಕೆ ಗೋಡೆ ಬೇಕು. ಹಾಸಿಗೆ ಹಿಡಿದಾಗಿನಿಂದ ಆಕೆ ದಿನಾ ಬೆಳಿಗ್ಗೆ ಅವನಿಗೆ ಒಂದೊಂದು ಪಾಠ ಹೇಳುತ್ತಿದ್ದಳು. ಅನ್ನಕ್ಕೆ ನೀರು ಎಷ್ಟು, ಮೊಟ್ಟೆ ಎಷ್ಟು ಹೊತ್ತು, ಸೊಪ್ಪನ್ನು ಮುಚ್ಚಿ ಬೇಯಿಸಬಾರದು ಏಕೆ. ಅವನು ಅಡುಗೆಮನೆಯಿಂದ ಕೂಗುವುದು, ಆಕೆ ಮಂಚದಿಂದ ಉತ್ತರಿಸುವುದು.

"ಈರುಳ್ಳಿ ಕೆಂಪಗಾಯ್ತು!"

"ಎಷ್ಟು ಕೆಂಪು?"

"ನಮ್ಮ ಕಿಟಕಿ ಪರದೆಯಷ್ಟು!"

"ಹಾಗಾದ್ರೆ ಸೀದುಹೋಯ್ತು. ಇಳಿಸಿ."

ಹೀಗೆ.

ಕಲ್ಲಿನ ಮೇಸ್ತ್ರಿಯ ಅಂಗಳ ಎರಡು ಬೀದಿ ಆಚೆಗಿತ್ತು. ದೊಡ್ಡ ದೊಡ್ಡ ಹಲಗೆಗಳು ಮರದ ಚೌಕಟ್ಟಿಗೆ ಒರಗಿ ನಿಂತಿದ್ದವು. ದರ್ಜಿ ಅಂಗಡಿಗೆ ಬಂದ ಗಿರಾಕಿಯ ಬಟ್ಟೆಯನ್ನು ಮುಟ್ಟುವ ಹಾಗೆ ಒಂದರ ಅಂಚನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜಿ ನೋಡಿದ.

"ಯಜಮಾನ್ರೇ, ನೇಯ್ಗೆ ಗಟ್ಟಿಯಾಗಿದೆಯಾ?" ಎಂದ ಮೇಸ್ತ್ರಿ. ಮೈಯೆಲ್ಲ ಕಲ್ಲಿನ ಹಿಟ್ಟು ಬಳಿದುಕೊಂಡ ಐವತ್ತರ ಆಸಾಮಿ. ಕಿವಿಯ ಮೇಲೊಂದು ಚಪ್ಪಟೆ ಪೆನ್ಸಿಲ್ಲು.

"ತುಂಡು ಕೊಡಪ್ಪಾ, ಮನೆಯವಳಿಗೆ ತೋರಿಸ್ಬೇಕು."

ಮೇಸ್ತ್ರಿ ಆರು ತುಂಡು ಕೊಟ್ಟ. ಬಿಳಿಯ ಅಮೃತಶಿಲೆ, ಬೂದು ಗ್ರಾನೈಟು, ಕಪ್ಪು ಗ್ರಾನೈಟು, ಕಲ್ಲಿನ ಪುಡಿಗೆ ಅಂಟು ಕಲಸಿ ಮಾಡಿದ ಕಾರ್ಖಾನೆಯ ಕಲ್ಲು, ಒಂದು ಮರದ ಚೂರು, ಒಂದು ಸ್ಟೀಲಿನ ತಗಡು. ದರ್ಜಿ ಅವನ್ನು ಚೀಲಕ್ಕೆ ಹಾಕಿ ಹೊತ್ತು ತಂದ. ನಾದಿನಿ ಹಾಸಿಗೆಯ ಮೇಲೆ ಹಲಗೆಯಿಟ್ಟು ಸಾಲಾಗಿ ಜೋಡಿಸಿದಳು. ಅಲ್ಲಿಂದ ಮೂರು ದಿನ ಆ ಮಂಚ ಪರೀಕ್ಷೆಯ ಕೋಣೆಯಾಯಿತು. ಕಾಯಿಲೆ ಬಿದ್ದ ಮೇಲೆ ಆಕೆಯ ಕಣ್ಣಿನಲ್ಲಿ ಅಷ್ಟು ಚುರುಕನ್ನು ದರ್ಜಿ ಕಂಡಿರಲಿಲ್ಲ. ಅದನ್ನು ನೋಡಿ ಅವನ ಎದೆಯಲ್ಲಿ ಏನೋ ಕುಡಿಯೊಡೆಯಿತು.

ಅಮೃತಶಿಲೆಗೆ ನಿಂಬೆರಸದ ಒಂದು ಹನಿ. ಮಧ್ಯಾಹ್ನದ ಹೊತ್ತಿಗೆ ಹೊಳಪು ಕಿತ್ತುಹೋಗಿ ಅಲ್ಲಿ ಮಂಕು ಚುಕ್ಕೆ ಕೂತಿತ್ತು.

"ಇದು ಮಹಾರಾಣಿ," ಎಂದಳು. "ಇವರ ಕೈಲಿ ಬಾಳುವೆ ಮಾಡಲ್ಲ. ಆಚೆ ಇಡು."

ಮರದ ಚೂರು ಹಾಲು ಕುಡಿದು ಉಬ್ಬಿತು. "ಇದಕ್ಕೆ ತಿಂಗಳಿಗೊಂದು ಸಲ ಎಣ್ಣೆ ಹಚ್ಚಬೇಕಂತೆ," ಎಂದ ದರ್ಜಿ.

"ಮೂವತ್ತೊಂದು ವರ್ಷದಲ್ಲಿ ನಿಮ್ಮ ತಲೆಗೇ ನೀವು ಎಣ್ಣೆ ಹಚ್ಚಿಕೊಂಡಿಲ್ಲ. ಆಚೆಗೆ."

ಸ್ಟೀಲಿನ ತಗಡಿಗೆ ಒಂದು ಚಮಚದ ಗೀರು ಸಾಕಾಯಿತು. ಕಾರ್ಖಾನೆಯ ಕಲ್ಲು ನಿಂಬೆಗೂ ಹೆದರಲಿಲ್ಲ, ಎಣ್ಣೆಗೂ ಜಗ್ಗಲಿಲ್ಲ. ನಾದಿನಿ ಅದೇ ಆಗಲಿ ಅಂದಳು. ಅಕ್ಕ ಬಿಡಲಿಲ್ಲ, ಒಲೆಯ ಮೇಲಿಂದ ಕಾದ ಬಾಣಲೆ ತರಿಸಿ ಅದರ ಮೇಲೆ ಇಡಿಸಿದಳು. ಬಾಣಲೆ ಎತ್ತಿದಾಗ ಹಳದಿಯ ಉಂಗುರವೊಂದು ಮೂಡಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಕಾದ ಪಾತ್ರೇನ ಕಟ್ಟೆ ಮೇಲೆ ಇಡಬೇಡಿ ಅಂತ ನೂರು ಸಲ ಹೇಳ್ತೀನಿ. ನಾನಿಲ್ಲದಾಗ ಇವರು ಎಲ್ಲಿ ಇಡ್ತಾರೆ?"

"ಕಟ್ಟೆ ಮೇಲೆ," ಎಂದಳು ನಾದಿನಿ.

"ನಾನೇನು ಅಷ್ಟು ದಡ್ಡನಾ?" ಎಂದ ದರ್ಜಿ.

ಅಕ್ಕತಂಗಿಯರಿಬ್ಬರೂ ಮುಂದಿನ ತುಂಡಿಗೆ ಕೈ ಹಾಕಿದರು.

ಉಳಿದದ್ದು ಎರಡು. ಬೂದು ಗ್ರಾನೈಟಿನ ಮೇಲೆ ಎಣ್ಣೆಯ ಹನಿ ಒಂದು ಗಂಟೆಯಲ್ಲಿ ಕಂದು ಮಚ್ಚೆಯಾಯಿತು. ಕಲ್ಲು ಎಣ್ಣೆ ಕುಡಿದಿತ್ತು. ಕುಡಿಯದ ಹಾಗೆ ವರ್ಷಕ್ಕೊಮ್ಮೆ ಅದಕ್ಕೊಂದು ದ್ರವ ಬಳಿಯಬೇಕೆಂದು ಮೇಸ್ತ್ರಿ ಹೇಳಿದ್ದ. ವರ್ಷಕ್ಕೊಮ್ಮೆ ಅಂದರೆ ಇವರಿಗೆ ನೆನಪಿರುವುದಿಲ್ಲ ಎಂದು ಆಕೆ ಅದನ್ನೂ ತಳ್ಳಿದಳು. ಕಪ್ಪು ಗ್ರಾನೈಟಿನ ಮೇಲೆ ಎಣ್ಣೆ ಬೆಳಗಿನಿಂದ ಸಂಜೆಯ ತನಕ ಮುತ್ತಿನ ಹಾಗೆ ನಿಂತೇ ಇತ್ತು. ನಿಂಬೆರಸ, ಚಹ, ಕಾದ ಬಾಣಲೆ, ಚಾಕುವಿನ ಮೊನೆ ಎಲ್ಲ ಆಯಿತು. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಏನೂ ನಡೆದೇ ಇಲ್ಲವೆಂಬಂತೆ ಇತ್ತು.

"ಇದು," ಎಂದಳು ಆಕೆ. "ಇದು ಏನೂ ಕೇಳಲ್ಲ. ಒಂದೇ ಹಲಗೆ ಹಾಕಿಸಿ, ಎಲ್ಲೂ ಸಂದು ಇರಬಾರದು. ಬಟ್ಟೆ ಒದ್ದೆ ಮಾಡಿ ಒರೆಸೋದು, ಅಷ್ಟೇ. ಅಷ್ಟು ಮಾಡ್ತೀರಾ?"

"ಮಾಡ್ತೀನಿ."

ಆ ಕಪ್ಪು ತುಂಡನ್ನು ಅಂಗೈಯಲ್ಲಿಟ್ಟುಕೊಂಡೇ ಆಕೆ ನಿದ್ದೆ ಹೋದಳು. ಜ್ವರದ ಕೈಗೆ ಕಲ್ಲಿನ ತಂಪು ಹಿತವಾಗಿದ್ದೀತು.

ಮೇಸ್ತ್ರಿ ಅಳತೆಗೆ ಬಂದಾಗ ಆಕೆ ಬೆನ್ನಿಗೆ ದಿಂಬು ಕೊಡಿಸಿಕೊಂಡು, ಅಡುಗೆಮನೆಯ ಬಾಗಿಲು ಕಾಣುವ ಹಾಗೆ ಕೂತಿದ್ದಳು. ಉದ್ದ ಅಗಲ ಮುಗಿದವು. ಮೇಸ್ತ್ರಿ ಎತ್ತರಕ್ಕೆ ಬಂದ. ಅವರ ಕಸುಬಿನಲ್ಲಿ ಒಂದು ಕ್ರಮವುಂಟು: ಕಟ್ಟೆಯ ಮುಂದೆ ನಿಲ್ಲುವವರು ಮೊಣಕೈ ಮಡಿಸಬೇಕು, ಆ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಕಟ್ಟೆ ಬರಬೇಕು. ಹಾಗಿದ್ದರೆ ಹೆಚ್ಚುವಾಗ ಬೆನ್ನು ಬಾಗುವುದಿಲ್ಲ.

"ಹಳೇ ಕಟ್ಟೆ ಮೂವತ್ತೊಂದು ಇಂಚಿದೆ. ಅಷ್ಟೇ ಇಡಲಾ, ಅಮ್ಮಾ?"

"ಅದು ನನ್ನ ಅಳತೆ," ಎಂದಳು ಆಕೆ. "ಇವರ ಮೊಣಕೈ ಅಳೀರಿ."

ದರ್ಜಿ ಬೇಡವೆಂದ. ಅವನು ಉದ್ದಾಳು, ಆಕೆ ಅವನ ಎದೆಯ ಮಟ್ಟ. ಆಕೆ ಬಿಡಲಿಲ್ಲ.

"ಒಬ್ಬರ ಅಂಗೀನ ಇನ್ನೊಬ್ಬರ ಅಳತೆಗೆ ಕತ್ತರಿಸಿದರೆ ಅದು ಬಟ್ಟೆಗೂ ಅವಮಾನ, ಮೈಗೂ ಅವಮಾನ. ಈ ಮಾತು ಯಾರದು?"

ಅದು ಅವನದೇ ಮಾತು. ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದುದು. ಅವನು ಗೋಡೆಯ ಪಕ್ಕ ನಿಂತು ಮೊಣಕೈ ಮಡಿಸಿದ. ಮೇಸ್ತ್ರಿ ನಾಲ್ಕು ಬೆರಳು ಇಟ್ಟು, ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ.

"ಮೂವತ್ತಾರು."

"ಇನ್ನೊಂದು ಸಲ ಹೇಳಿ."

"ಮೂವತ್ತಾರು, ಅಮ್ಮಾ."

ಆಕೆ ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು. ದೊಡ್ಡದೊಂದು ಕೆಲಸ ಮುಗಿಸಿದವರ ಹಾಗೆ. ಆ ಒರಗುವಿಕೆಯನ್ನು ದರ್ಜಿಗೆ ಸಹಿಸಲಾಗಲಿಲ್ಲ.

ಆ ಮಧ್ಯಾಹ್ನ ಅವನು ಹೆಂಡತಿಯ ನಿಲುವಂಗಿಯೊಂದನ್ನು ಯಂತ್ರದ ಮೇಲೆ ಹಾಕಿದ. ಮೈ ಇಳಿದಂತೆಲ್ಲ ಆಕೆಯ ಅಂಗಿಗಳನ್ನು ಅವನು ಹಿಡಿದು ಹೊಲಿಯುತ್ತಿದ್ದ; ಇದು ನಾಲ್ಕನೆಯ ಸಲ. ಎಷ್ಟು ಹಿಡಿದರೂ ಒಳಗೆ ಮಿಕ್ಕ ಬಟ್ಟೆಯನ್ನು ಮಾತ್ರ ಕತ್ತರಿಸುತ್ತಿರಲಿಲ್ಲ, ಮಡಿಚಿ ಬಿಡುತ್ತಿದ್ದ. ಅವನಿಗೆ ಕಸುಬು ಕಲಿಸಿದ ಮುದುಕ ಹೇಳಿದ್ದ: ಮೈ ಇವತ್ತು ಇಳಿದೀತು, ನಾಳೆ ತುಂಬೀತು, ಕತ್ತರಿಸಿದ ಬಟ್ಟೆ ಮಾತ್ರ ಮತ್ತೆ ಬೆಳೆಯದು. ಹಾಗಾಗಿ ಮಕ್ಕಳ ಅಂಗಿಗೂ, ಬಸುರಿಯರ ಅಂಗಿಗೂ, ಕಾಯಿಲೆಯವರ ಅಂಗಿಗೂ ಅವನು ಒಳಗೆ ಬಟ್ಟೆ ಬಿಡುವವನೇ. ಅವನ ಕೈಯಿಂದ ಹೋದ ಯಾವ ಬಟ್ಟೆಯನ್ನಾದರೂ ಬಿಚ್ಚಬಹುದಿತ್ತು, ಹಿಗ್ಗಿಸಬಹುದಿತ್ತು. ಸರಿಪಡಿಸಲಾಗದ ತಪ್ಪೊಂದನ್ನು ಅವನು ತನ್ನ ಆಯುಷ್ಯದಲ್ಲಿ ಹೊಲಿದಿರಲಿಲ್ಲ.

ಅಂಗಿಯ ಬಗಲಲ್ಲಿ ಮಡಿಚಿಟ್ಟ ಬಟ್ಟೆ ಎರಡೂ ಕಡೆ ಸೇರಿ ಮೂರು ಇಂಚಾಗಿತ್ತು. ಅದನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತ. ಮಾರನೆಯ ಬೆಳಿಗ್ಗೆ, ಸೂಜಿಗೆ ದಾರ ಹಾಕುವ ಮುನ್ನ ದಿನವೂ ಮಾಡುವ ಪ್ರಾರ್ಥನೆ ಮುಗಿಸಿ, ಮೇಸ್ತ್ರಿಯ ಅಂಗಳಕ್ಕೆ ಹೋದ.

ಮೇಸ್ತ್ರಿ ಗರಗಸ ನಿಲ್ಲಿಸಿ ಕೈ ಒರೆಸಿಕೊಂಡ.

"ಎತ್ತರ ತಿದ್ದಬೇಕಿತ್ತು," ಎಂದ ದರ್ಜಿ. "ಮೂವತ್ತೊಂದಕ್ಕೆ."

"ಅದು ಅಮ್ಮನ ಅಳತೆ ಅಲ್ವಾ?"

"ಕಟ್ಟೆ ಮುಂದೆ ನಿಲ್ಲೋಳು ಅವಳೇ ತಾನೆ, ಎದ್ದ ಮೇಲೆ?"

ಮೇಸ್ತ್ರಿ ಆಕೆಯನ್ನು ಕಂಡು ಬಂದವನು. ಅವನು ನೆಲ ನೋಡಿದ.

"ಮೂವತ್ತಾರು ಅಂತ ನನ್ನಿಂದ ಎರಡು ಸಲ ಹೇಳಿಸಿದ್ರು, ಯಜಮಾನ್ರೇ."

"ಗೊತ್ತು. ನೀನು ಮೂವತ್ತೊಂದು ಮಾಡು. ಬೇಕಾದ್ರೆ ಆಮೇಲೆ ಬಿಚ್ಚಿ ಎತ್ತರಿಸಿದ್ರಾಯ್ತು."

"ಬಿಚ್ಚೋಕೆ ಇದರಲ್ಲಿ ದಾರ ಇಲ್ಲ." ಮೇಸ್ತ್ರಿ ಅಲ್ಲೇ ಇದ್ದ ಹಲಗೆಯೊಂದನ್ನು ತೋರಿಸಿದ. ಸಿಂಕಿಗೆ ಕೊರೆದ ದೊಡ್ಡ ತೂತು, ಅದರ ಮುಂದೆ ಉಳಿದ ನಾಲ್ಕು ಬೆರಳಗಲದ ಪಟ್ಟಿ. "ನೋಡಿ, ಇದು ಕೂರೋವರೆಗೆ ಹಲಗೆ, ಕೂತ ಮೇಲೆ ಬಂಡೆ. ಕೆಳಗೆ ಅಂಟು ಹಿಡಿದಿರುತ್ತೆ. ಎಬ್ಬಿಸೋಕೆ ಹೋದ್ರೆ ಈ ಪಟ್ಟಿ ಪಟ್ ಅಂತ ಹೋಗುತ್ತೆ. ಆಮೇಲೆ ಹೊಲಿಯೋಕಾಗಲ್ಲ."

ದರ್ಜಿ ತಲೆಯಾಡಿಸಿದ. ತಲೆಯಾಡಿಸಿದ ಮಾತ್ರಕ್ಕೆ ಮಾತು ತಲೆಯೊಳಗೆ ಇಳಿಯಬೇಕೆಂದಿಲ್ಲ. ತಲೆ ಗಟ್ಟಿಯೆಂದು ಕಲ್ಲಿಗೆ ಹಾಯಬಾರದೆಂಬ ಗಾದೆ ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಬಿಚ್ಚಲಾಗದ ವಸ್ತುವೊಂದು ಲೋಕದಲ್ಲಿ ಇದೆಯೆಂದು ಅವನ ಕೈ ಒಪ್ಪುತ್ತಿರಲಿಲ್ಲ.

"ನಿಮ್ಮ ಮನೆ, ನಿಮ್ಮ ಕಟ್ಟೆ," ಎಂದು ಮೇಸ್ತ್ರಿ ಚೀಟಿಯಲ್ಲಿ ಅಂಕಿ ತಿದ್ದಿದ.

ದಾರಿಯಲ್ಲಿ ದರ್ಜಿ ದೇವರೊಂದಿಗೆ ಮಾತಾಡುತ್ತ ಬಂದ. ಕಟ್ಟೆ ಅವಳ ಅಳತೆಗೇ ಆಗುತ್ತಿದೆ, ತಂದೆ. ಆ ಅಳತೆಗೆ ಅವಳನ್ನು ತಂದು ನಿಲ್ಲಿಸುವುದು ಇನ್ನು ನಿನ್ನ ಕೆಲಸ. ಹೀಗೆಂದ ಮೇಲೆ ಎದೆ ಹಗುರವಾಯಿತು. ಅದನ್ನು ಅವನು ನಂಬಿಕೆಯೆಂದೇ ತಿಳಿದ.

ಕೆಲಸ ಎರಡು ದಿನ ನಡೆಯಿತು. ಮೊದಲ ದಿನ ಹಳೆಯ ಬಿಲ್ಲೆಗಳನ್ನು ಸುತ್ತಿಗೆಯಲ್ಲಿ ಒಡೆದು, ಗೋಣಿಗೆ ತುಂಬಿ ಹೊರಗೆ ಸಾಗಿಸಿದರು. ಆಕೆಯ ಕೋಣೆಯ ಬಾಗಿಲಿಗೆ ನಾದಿನಿ ಒದ್ದೆ ಚಾದರ ಕಟ್ಟಿದ್ದಳು. ಒಂದೊಂದು ಏಟಿಗೂ ಆಕೆ ಒಳಗಿಂದ, "ಬಂತಾ? ಸಿಂಕಿನ ಹತ್ತಿರದ್ದು ಬಂತಾ?" ಎಂದು ಕೇಳುತ್ತಿದ್ದಳು. ಎರಡನೆಯ ದಿನ ಇಬ್ಬರು ಆಳುಗಳೂ ಮೇಸ್ತ್ರಿಯೂ ಕಪ್ಪು ಹಲಗೆಯನ್ನು ಉಸಿರು ಬಿಗಿಹಿಡಿದು ಒಳಗೆ ತಂದು ಕೂರಿಸಿದರು.

"ಕೂತಿತಾ?" ಎಂದು ಒಳಗಿಂದ ದನಿ ಬಂತು.

"ಕೂತಿತು."

"ನಿಮ್ಮ ಅಳತೆಗೇ ತಾನೆ?"

ದರ್ಜಿ ಬಾಗಿಲ ಚಾದರದ ಈಚೆ ನಿಂತಿದ್ದ. ಅವನ ಮುಖ ಆಕೆಗೆ ಕಾಣುತ್ತಿರಲಿಲ್ಲ.

"ಹ್ಞೂಂ," ಎಂದ.

ಜೀವಮಾನದಲ್ಲಿ ಗಿರಾಕಿಗೆ ಒಂದು ದಿನದ ವಾಯಿದೆ ತಪ್ಪಿದರೂ ದೇವರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದವನು ಆ ಸಂಜೆಯ ಪ್ರಾರ್ಥನೆಯಲ್ಲಿ ಈ ಮಾತನ್ನು ಎತ್ತಲಿಲ್ಲ.

ಅಂಟು ಒಣಗಲೆಂದು ಮೂರು ದಿನ ಬಿಟ್ಟರು. ನಾಲ್ಕನೆಯ ದಿನ ಸಿಂಕಿನಲ್ಲಿ ನೀರು ಸೋರುತ್ತಿದೆಯೇ ಎಂದು ನೋಡಲು ಮೇಸ್ತ್ರಿ ಬಂದಿದ್ದ. ಆಗ ಆಕೆ, "ನಾನು ನೋಡಬೇಕು" ಎಂದಳು. ಎತ್ತಿಕೊಂಡು ಹೋಗುತ್ತೇವೆಂದರೆ ಕೇಳಲಿಲ್ಲ. ತಂಗಿಯ ಹೆಗಲು ಹಿಡಿದು ನಡೆದಳು. ಮಂಚದಿಂದ ಕಟ್ಟೆಗೆ ಹನ್ನೊಂದು ಹೆಜ್ಜೆ. ಎರಡು ತಿಂಗಳಾದ ಮೇಲೆ ಆಕೆ ಇಟ್ಟ ಹೆಜ್ಜೆಗಳು ಅವು. ದರ್ಜಿ ಹಿಂದಿನಿಂದ ಒಂದೊಂದನ್ನೂ ನೋಡುತ್ತ ಬಂದ. ಅವನ ತುಟಿ ಅಲುಗುತ್ತಿತ್ತು. ಕಟ್ಟೆ ಕರೆಯಿತು, ಇವಳು ಎದ್ದಳು. ಅವನಿಗೆ ಕಂಡದ್ದು ಅಷ್ಟೇ.

ಆಕೆ ಕಟ್ಟೆಯ ಮುಂದೆ ನಿಂತು ಮುಂಗೈ ಚಾಚಿ ಅದರ ಮೇಲೆ ಇಟ್ಟಳು. ಒಂದು ಗಳಿಗೆ ಆಕೆಯ ಮುಖದಲ್ಲಿ ಸುಖ ಮೂಡಿತು. ಮೂವತ್ತೊಂದು ವರ್ಷದ ಅಭ್ಯಾಸದ ಎತ್ತರ ತೋಳಿಗೆ ಸಿಕ್ಕ ಸುಖ ಅದು. ದರ್ಜಿ ಆ ಮುಖವನ್ನು ಕಂಡ. ಅದಕ್ಕಾಗಿಯೇ ಅವನು ಇಷ್ಟೆಲ್ಲ ಮಾಡಿದ್ದ.

ಆಮೇಲೆ ಆಕೆ ತನ್ನ ಮೊಣಕೈಯನ್ನು ನೋಡಿಕೊಂಡಳು. ಇನ್ನೊಂದು ಕೈಯ ನಾಲ್ಕು ಬೆರಳನ್ನು ಅದರ ಕೆಳಗೆ ಇಟ್ಟು ನೋಡಿದಳು. ಸರಿಯಾಗಿ ನಾಲ್ಕು ಬೆರಳು. ತಲೆಯೆತ್ತಿ ಗೋಡೆಯನ್ನು ನೋಡಿದಳು. ಮೇಸ್ತ್ರಿಯ ಪೆನ್ಸಿಲ್ ಗೆರೆ ಕಟ್ಟೆಗಿಂತ ಐದು ಇಂಚು ಮೇಲೆ, ಬರಿಯ ಗೋಡೆಯ ಮೇಲೆ ಉಳಿದಿತ್ತು.

"ಬನ್ನಿ ಇಲ್ಲಿ," ಎಂದಳು. "ನಿಂತ್ಕೊಳ್ಳಿ."

ದರ್ಜಿ ಬಂದು ನಿಂತ.

"ಈರುಳ್ಳಿ ಹೆಚ್ಚೋ ಹಾಗೆ ಕೈ ಇಡಿ."

ಅವನು ಬಾಗಿದ. ಸೊಂಟದಲ್ಲಿ ಚುಳುಕ್ಕೆಂದದ್ದನ್ನು ಮುಖದ ಮೇಲೆ ತೋರಗೊಡಲಿಲ್ಲ. ಆದರೆ ಆಕೆಗೆ ಆ ಮುಖ ಹೊಸದಲ್ಲ.

"ನೀನು ಎದ್ದ ಮೇಲೆ ನಿನಗೆ ತೊಂದರೆ ಆಗಬಾರದು ಅಂತ..."

"ನಾನು ಏಳೋದಿಲ್ಲ ರೀ."

ಅಲ್ಲಿಯ ತನಕ ಆ ಮಾತನ್ನು ಆ ಮನೆಯಲ್ಲಿ ಯಾರೂ ಹೀಗೆ ನೇರವಾಗಿ ಆಡಿರಲಿಲ್ಲ. ನಾದಿನಿ ಅಕ್ಕನ ಬೆನ್ನಿನ ಮೇಲಿಟ್ಟ ಕೈಯನ್ನು ಬಿಗಿ ಮಾಡಿದಳು.

"ನಾನು ದೇವರ ಹತ್ತಿರ ಹೋಗೋಳು. ಕಟ್ಟೆ ಹತ್ತಿರ ನಿಲ್ಲೋರು ನೀವು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ದರ್ಜಿಗೆ ಎಷ್ಟೋ ಮೇಲಾಗುತ್ತಿತ್ತು. "ನಾನು ಕೇಳಿದ್ದು ಒಂದೇ."

ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. "ಎತ್ತರಿಸೋಕಾಗುತ್ತಾ?"

ಮೇಸ್ತ್ರಿ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಹಾಗೇ ಎತ್ತಿದ್ರೆ ಸಿಂಕಿನ ಹತ್ತಿರ ಒಡೆಯುತ್ತೆ, ಅಮ್ಮಾ. ಬೇಕಾದ್ರೆ ನಾನೇ ಎರಡು ಕಡೆ ಕೊಯ್ದು, ಮೂರು ತುಂಡು ಮಾಡಿ ಮೇಲೆ ಕೂರಿಸ್ತೀನಿ. ಆದ್ರೆ ಸಂದು ಬರುತ್ತೆ. ಅದನ್ನ ಆಗಾಗ ಉಜ್ಜುತ್ತಿರಬೇಕಾಗುತ್ತೆ."

"ಸಂದಾ," ಎಂದಳು ಆಕೆ.

ಅಷ್ಟೂ ಜನ ಆಕೆಯ ಬಾಯಿ ನೋಡುತ್ತಿದ್ದರು. ಆಕೆ ಕಟ್ಟೆಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಗಂಡನನ್ನು ನೋಡಿದಳು. ಬಗ್ಗಿದವನು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಒಂದು ಕೈ ಗೋಡೆಯ ಮೇಲಿತ್ತು.

"ಬೇಡ. ಹೀಗೇ ಇರಲಿ," ಎಂದಳು. "ನನ್ನನ್ನ ಮಲಗಿಸಿ."

ಅಂದಿನಿಂದ ಆಕೆ ಗಂಡನೊಂದಿಗೆ ಮಾತು ಬಿಟ್ಟಳೆಂದೇನಲ್ಲ. ಮಾತ್ರೆ ಕೇಳಿದಳು, ಕಿಟಕಿ ತೆರೆಯಿರಿ ಅಂದಳು, ಒಂದು ದಿನ ಅವನ ಗಡ್ಡ ನೋಡಿ ಕ್ಷೌರ ಮಾಡಿಸಿಕೊಳ್ಳಿ ಎಂದಳು. ಆದರೆ ಬೆಳಗಿನ ಪಾಠ ನಿಂತುಹೋಯಿತು. ಅವನು ಅಡುಗೆಮನೆಯಿಂದ, "ಸೊಪ್ಪು ಬೆಂದಿತೇನೋ ನೋಡಬೇಕು, ಹೇಗೆ ನೋಡೋದು?" ಎಂದು ಕೂಗಿದರೆ ಕೋಣೆಯಿಂದ ಉತ್ತರ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾದಿನಿ ಬಂದು ತಾನೇ ಸೌಟು ಇಸಿದುಕೊಳ್ಳುತ್ತಿದ್ದಳು. ಅವಳೂ ಆ ದಿನಗಳಲ್ಲಿ ಅವನನ್ನು ಚುಡಾಯಿಸಲಿಲ್ಲ. ಒಮ್ಮೆ ಮಾತ್ರ, ಅವನು ಇಲ್ಲದಾಗ ಅಕ್ಕ ಹೇಳಿದ ಮಾತನ್ನು ಅವನಿಗೆ ತಿಳಿಸಿದಳು: "ಅಷ್ಟನ್ನಾದ್ರೂ ಸರಿ ಮಾಡಿಟ್ಟು ಹೋಗೋಣ ಅಂದ್ಕೊಂಡಿದ್ದೆ ಕಣೇ. ಆಗಲಿಲ್ಲ."

ಆಕೆ ಕಟ್ಟೆ ನೋಡಿದ ಹತ್ತೊಂಬತ್ತನೆಯ ದಿನ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ದರ್ಜಿ ಕಟ್ಟೆಯ ಮೇಲೆ ಬಾಗಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಮೆತ್ತಗೆ ಬೇಯಿಸಿ ಕಿವುಚಿ ಕೊಟ್ಟರೆ ಎರಡು ತುತ್ತು ಇಳಿದೀತೆಂದು. ಕೋಣೆಯಿಂದ ನಾದಿನಿ, "ಭಾವಾ, ಬೇಗ ಬನ್ನಿ" ಎಂದಳು. ದನಿ ದೊಡ್ಡದಾಗಿರಲಿಲ್ಲ. ಅವನು ನೆಟ್ಟಗಾಗಲು ಹೋದ. ಸೊಂಟ ಹಿಡಿದುಕೊಂಡಿತು. ಕಟ್ಟೆಗೆ ಎರಡೂ ಕೈ ಊರಿದ. ಕಲ್ಲು ಒದ್ದೆಯಾಗಿತ್ತು, ಕೈ ಜಾರಿತು. ಗೋಡೆ ಹಿಡಿದ. ಬೆನ್ನಿನ ಒಂದೊಂದು ಮಣಿಯನ್ನೂ ನೆಟ್ಟಗೆ ಮಾಡಿಕೊಂಡು, ಕಾಲೆಳೆದುಕೊಂಡು ಆ ಹನ್ನೊಂದು ಹೆಜ್ಜೆ ನಡೆದ. ಎರಡು ನಿಮಿಷವಾಗಿರಬಹುದು.

ನಾದಿನಿ ಅಕ್ಕನ ಕೈಯನ್ನು ಹಾಸಿಗೆಯ ಮೇಲೆ ಇಡುತ್ತಿದ್ದಳು.

"ಕೇಳಿದ್ಲು," ಎಂದಳು. "ಎಲ್ಲಿ ಅಂತ ಕೇಳಿದ್ಲು. ಬರ್ತಿದ್ದಾರೆ ಅಂದೆ."

ನಾಲ್ಕು ಸಲ ಹಿಡಿದು ಹೊಲಿದ ನಿಲುವಂಗಿಯಲ್ಲೇ ಆಕೆಯನ್ನು ಕಳುಹಿಸಿಕೊಟ್ಟರು. ಒಳಮಡಿಕೆಯ ಆ ಮೂರು ಇಂಚು ಬಟ್ಟೆಯೂ ಹಾಗೆಯೇ ಹೋಯಿತು.

ನಾದಿನಿ ಇನ್ನೂ ಹದಿನೈದು ದಿನ ಇದ್ದು ಹೊರಟಳು. ಹೊರಡುವ ಮುನ್ನ ಎಲ್ಲಿಂದಲೋ ಒಂದು ಸ್ಟೂಲು ತಂದು ಕಟ್ಟೆಯ ಮುಂದಿಟ್ಟಳು.

"ಕೂತ್ಕೊಂಡು ಹೆಚ್ಚಿ, ಭಾವ."

ಕಟ್ಟೆಯ ಕೆಳಗೆ ಇಟ್ಟಿಗೆಯ ಗೋಡೆ. ಕೂತರೆ ಮೊಣಕಾಲು ಗೋಡೆಗೆ ಬಡಿಯಿತು. ಅಡ್ಡ ಕೂತರೆ ಬೆನ್ನು ಹುರಿಯ ಹಾಗೆ ತಿರುಚಿಕೊಂಡಿತು. ದರ್ಜಿ ಎದ್ದು ಸ್ಟೂಲನ್ನು ಮೂಲೆಗೆ ಸರಿಸಿದ.

"ಮಾಡಿದ್ದುಣ್ಣೋ ಮಾರಾಯ," ಎಂದು ನಾದಿನಿ ಹೇಳಹೋದವಳು, ಅರ್ಧಕ್ಕೇ ಅಳುತ್ತ ಸೆರಗಿಗೆ ಮುಖ ಒರೆಸಿಕೊಂಡಳು. "ಏನಾದ್ರೂ ಬಿಸಿಯಾಗಿ ಮಾಡಿಕೊಂಡು ತಿನ್ನಿ ಭಾವ. ತಿಂದ್ರಿ ಅಂತ ನನಗೆ ಗೊತ್ತಾಗಬೇಕು."

ದರ್ಜಿ ಹೆಂಡತಿಗೆ ಮಾತು ಕೊಟ್ಟಂತೆ ಕಟ್ಟೆಯನ್ನು ದಿನಾ ಒರೆಸುತ್ತಾನೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ, ಅಷ್ಟೇ. ಅವಳು ಆರಿಸಿದ ಕಲ್ಲು ಅವಳು ಹೇಳಿದ ಹಾಗೆಯೇ ಇದೆ. ಎಣ್ಣೆ ಕುಡಿಯುವುದಿಲ್ಲ, ಗೀರು ಬೀಳುವುದಿಲ್ಲ. ಹಳೆಯ ಕಟ್ಟೆಯಲ್ಲಿ ಅವಳ ಕೈಯ ಗುರುತು ಎಷ್ಟೊಂದಿತ್ತು! ರುಬ್ಬುವ ಕಲ್ಲು ಬಿದ್ದು ಸೀಳಿದ ಬಿಲ್ಲೆ, ಚಹದ ಲೋಟದ ಕಂದು ಬಳೆ, ಅವಳು ಯಾವಾಗಲೂ ಒರಗಿ ನಿಲ್ಲುತ್ತಿದ್ದ ಕಡೆ ಸವೆದ ಅಂಚು. ಎಲ್ಲವನ್ನೂ ಗೋಣಿಗೆ ತುಂಬಿ ಕಳುಹಿಸಿದ್ದಾಯಿತು. ಈ ಕಲ್ಲಿನ ಮೇಲೆ ಅವಳು ಕೈಯಿಟ್ಟದ್ದು ಒಂದೇ ಸಲ. ಆ ಜಾಗ ಎಲ್ಲಿಯೆಂದು ಅವನಿಗೆ ಗೊತ್ತು. ಕಿಟಕಿಯ ಬೆಳಕು ಬೀಳುವಾಗ ಕಣ್ಣನ್ನು ಕಲ್ಲಿಗೆ ತಾಗಿಸಿ ನೋಡಿದ್ದಾನೆ. ಏನೂ ಇಲ್ಲ. ಒಂದು ದಿನ ಬೇಕೆಂದೇ ಅಲ್ಲಿ ನಿಂಬೆರಸ ಚೆಲ್ಲಿ, ಅದರ ಮೇಲೆ ಕಾದ ಬಾಣಲೆ ಇಟ್ಟು, ಇಡೀ ಹಗಲು ಹಾಗೆಯೇ ಬಿಟ್ಟ. ಸಂಜೆ ಒರೆಸಿದರೆ ಅವನ ಮುಖವೇ ಕಾಣುವಷ್ಟು ಹೊಳೆಯುತ್ತಿತ್ತು.

ಮೇಸ್ತ್ರಿ ಒಮ್ಮೆ ಬಂದಿದ್ದ. ಮನಸ್ಸು ತಡೆಯಲಿಲ್ಲವಂತೆ. ಕೊಯ್ದು ಎತ್ತರಿಸಿಕೊಡುತ್ತೇನೆ, ಸಂದನ್ನು ಆದಷ್ಟು ಸಣ್ಣದು ಮಾಡುತ್ತೇನೆ ಎಂದ.

"ಇದಕ್ಕೆ ಎಷ್ಟು ಆಯುಷ್ಯ, ಮೇಸ್ತ್ರಿ?"

"ಕಲ್ಲಿಗೇನು ಯಜಮಾನ್ರೇ, ನಮ್ಮ ನಿಮ್ಮಂಥ ಹತ್ತು ಜನ ಹೋದ್ರೂ ಇರುತ್ತೆ."

"ಹಾಗಾದ್ರೆ ಬೇಡ. ಸಂದು ಬೇಡ ಅಂದಿದ್ಲು."

ಪ್ರಾರ್ಥನೆಯನ್ನು ಅವನು ಬಿಟ್ಟಿಲ್ಲ. ಸೂಜಿಗೆ ದಾರ ಹಾಕುವ ಮುನ್ನ ಈಗಲೂ ಕಣ್ಣು ಮುಚ್ಚುತ್ತಾನೆ. ಆದರೆ ಕೇಳುವುದೇನೂ ಇಲ್ಲ. ತಾನು ಅಂದು ದಾರಿಯಲ್ಲಿ ಆಡಿದ್ದು ಪ್ರಾರ್ಥನೆಯಲ್ಲ, ದೇವರಿಗೆ ಅಳತೆ ಕೊಟ್ಟದ್ದು ಎಂದು ಅವನಿಗೆ ಈಗ ತಿಳಿದಿದೆ. ತಿಳಿದು ಆಗಬೇಕಾದ್ದೇನೂ ಉಳಿದಿಲ್ಲ.

ಗೋಡೆಯ ಮೇಲಿನ ಪೆನ್ಸಿಲ್ ಗೆರೆಯನ್ನು ಅವನು ಅಳಿಸಿಲ್ಲ. ನಿನ್ನೆ ಬೆಳಿಗ್ಗೆ ಈರುಳ್ಳಿ ಹೆಚ್ಚಲು ನಿಂತವನು, ಚಾಕು ಕೆಳಗಿಟ್ಟು, ಮುಂಗೈಯನ್ನು ಆ ಗೆರೆಯ ಮಟ್ಟಕ್ಕೆ ಎತ್ತಿ ಗಾಳಿಯಲ್ಲಿ ಹಿಡಿದ. ಬೆನ್ನು ತಾನಾಗಿ ನೆಟ್ಟಗಾಯಿತು. ಎಲ್ಲಿಯೂ ನೋಯಲಿಲ್ಲ. ಅವಳು ಅವನಿಗೆಂದು ಅಳೆಸಿದ್ದ ಎತ್ತರ ಎಷ್ಟು ಸರಿಯಾಗಿತ್ತೆಂದರೆ, ಅಲ್ಲಿ ನಿಂತು ಇಡೀ ಊರಿಗೆ ಅಡುಗೆ ಮಾಡಬಹುದಿತ್ತು. ತೋಳು ಸೋಲುವ ತನಕ ಹಾಗೆಯೇ ನಿಂತಿದ್ದ. ಆಮೇಲೆ ಚಾಕು ತೆಗೆದುಕೊಂಡು, ಐದು ಇಂಚು ಕೆಳಗೆ ಬಾಗಿದ.